ಲಂಡನ್ ಗಡಿಯಾರಕ್ಕೆ ಕಟ್ಟಿದ ಪಂಪು

ನಮ್ಮ ಬಿಲ್ಡಿಂಗಿನಲ್ಲಿ ಹಾಲು ಒಡೆದರೂ ಮೊದಲು ಯಾರ ಮೇಲೆ ಸಂಶಯ ಪಡಬೇಕೆಂಬುದು ಇತ್ಯರ್ಥವಾಗಬೇಕು. ಹಾಲಿನ ಮಾತು ಆಮೇಲೆ. ಮುಂಬಯಿಯ ಸಯನ್ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿರುವ ಈ ಲಿಫ್ಟಿಲ್ಲದ ಹಳೆಯ ಕಟ್ಟಡದ ಹೌಸಿಂಗ್ ಸೊಸೈಟಿಗೆ ನಾನು ಗೌರವ ಕಾರ್ಯದರ್ಶಿ. ರೈಲ್ವೆಯ ನೌಕರಿ ಮುಗಿಸಿ ಮನೆಯಲ್ಲಿ ಕೂತಿದ್ದವನನ್ನು, ‘ಧಾರವಾಡದ ಕಡೆಯವರು, ಟೈಮಿಗೆ ಸರಿಯಾಗಿರ್ತಾರೆ’ ಎಂದು ಹೊಗಳಿ ಈ ಪೀಠಕ್ಕೇರಿಸಿದರು. ಹೊಗಳಿದವರ ಮೇಲೆ ನನಗೆ ಆಗಲೇ ಸಂಶಯವಿತ್ತು.

ಸೊಸೈಟಿಗೆ ಒಬ್ಬನೇ ವಾಚ್‌ಮನ್. ವಿಜಯಪುರದ ಕಡೆಯವ. ನಾನು ಇಲ್ಲಿಗೆ ಬರುವ ಮೊದಲಿನಿಂದಲೂ ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಹೆಂಡತಿಯೊಂದಿಗೆ ಇದ್ದಾನೆ. ಆಕೆ ನಮ್ಮ ಮನೆಯೂ ಸೇರಿ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಗೇಟು ಕಾಯುವುದು ಅವನ ಹೊಟ್ಟೆಪಾಡು. ಆದರೆ ಬಿಲ್ಡಿಂಗಿನಲ್ಲಿ ಅವನಿಗಿದ್ದ ವರ್ಚಸ್ಸೆಲ್ಲ ಬೆಳಗಿನ ಪಂಪಿನಿಂದ ಬಂದದ್ದು. ಮುನಿಸಿಪಾಲಿಟಿಯ ನೀರು ನಸುಕಿನಲ್ಲಿ ಕೆಳಗಿನ ಟಾಕಿಗೆ ಬರುತ್ತದೆ, ಅಲ್ಲಿಂದ ಅದನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸಬೇಕು. ಆರು ಗಂಟೆಗೆ ಅವನು ಪಂಪಿನ ಗುಂಡಿ ಒತ್ತಿದನೆಂದರೆ ಗೋಡೆಯೊಳಗಿನ ಪೈಪುಗಳೆಲ್ಲ ಒಮ್ಮೆ ಗಂಟಲು ಸರಿಮಾಡಿಕೊಂಡು, ಇಡೀ ಕಟ್ಟಡ ಎದ್ದು ಕೂರುತ್ತಿತ್ತು. ಗುಂಡಿ ಒತ್ತಿ ಹೊರಗೆ ಬರುವಾಗ ಅವನ ನಡಿಗೆ ನೋಡಬೇಕು. ಗಂಗೆಯನ್ನು ಭೂಮಿಗೆ ತಂದವರು ಯಾರೆಂಬ ಬಗ್ಗೆ ಅವನಿಗೆ ಬೇರೆಯೇ ಅಭಿಪ್ರಾಯವಿದ್ದಂತಿತ್ತು.

ಈ ಏರ್ಪಾಡನ್ನು ಆಧುನಿಕಗೊಳಿಸಿದವರು ನಮ್ಮ ಅಧ್ಯಕ್ಷರು. ಉಡುಪಿಯ ಕಡೆಯ ಹಿರಿಯರು, ಹಡಗು ಕಂಪನಿಯೊಂದರ ಕಚೇರಿಯಲ್ಲಿ ಆಯುಷ್ಯ ಸವೆಸಿದವರು. ಸಮುದ್ರದ ಮೇಲಿನ ಹಡಗುಗಳಿಂದ ಬರುವ ಸಂದೇಶಗಳನ್ನು ಹೊತ್ತುಗೊತ್ತಿನ ಪ್ರಕಾರ ಜೋಡಿಸಿಡುವುದು ಅವರ ಕೆಲಸವಾಗಿತ್ತಂತೆ. ಆ ಕಚೇರಿಯವರು ಹೊರಗೆ ಹಾಕಿದ ಕಂಪ್ಯೂಟರೊಂದನ್ನು ದೀಪಾವಳಿ ಕಳೆದ ಮೇಲೆ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ತಂದು ಸೊಸೈಟಿಯ ಕಚೇರಿಯಲ್ಲಿಟ್ಟರು. ಎಲೆಕ್ಟ್ರಿಷಿಯನ್ ಬಂದು ಅದಕ್ಕೂ ಪಂಪಿಗೂ ನಡುವೆ ಒಂದು ಸಣ್ಣ ಡಬ್ಬಿ ಕೂರಿಸಿದ. ಇನ್ನು ಮುಂದೆ ಹೊತ್ತಿಗೆ ಸರಿಯಾಗಿ ಕಂಪ್ಯೂಟರೇ ಪಂಪು ಹಚ್ಚುತ್ತದೆ, ಮನುಷ್ಯನ ಹಂಗಿಲ್ಲ ಎಂದು ಘೋಷಣೆಯಾಯಿತು. ಪಂಪಿನ ಕೋಣೆಗೆ ಬೀಗ ಬಿತ್ತು. ವಾಚ್‌ಮನ್ ಗೇಟಿಗಷ್ಟೇ ಸೀಮಿತನಾದ.

ನನಗೆ ಅನುಮಾನ ಬಂದದ್ದು ಕಂಪ್ಯೂಟರಿನ ಮೂಲೆಯಲ್ಲಿದ್ದ ಗಡಿಯಾರ ನೋಡಿ. ನಾವು ಬೆಳಗಿನ ತಿಂಡಿ ಮುಗಿಸಿ ನಿಂತಿದ್ದರೆ ಅದು ಇನ್ನೂ ನಡುರಾತ್ರಿಯಲ್ಲಿತ್ತು.

“ಅದು ಲಂಡನ್ ಟೈಮು,” ಎಂದರು ಅಧ್ಯಕ್ಷರು. “ಆಫೀಸಿನಿಂದ ಹಾಗೇ ಬಂದದ್ದು.”

“ಹಂಗಾದ್ರ ಅದನ್ನ ತಗದು ನಮ್ಮ ಟೈಮು ಹಾಕಿಬಿಡಬಹುದಲ್ಲರಿ?”

“ಎಂಥದ್ದಕ್ಕೆ ಮಾರಾಯ್ರೆ? ಒಂದು ಮುಟ್ಟಿದ್ರೆ ಇನ್ನೊಂದು ಹಾಳಾಗ್ತದೆ. ಹಡಗಿನವರದ್ದೆಲ್ಲ ಒಂದೇ ಟೈಮು, ಗ್ರೀನಿಚ್. ಬೊಂಬಾಯಿಯಲ್ಲಿರಲಿ, ಬ್ರೆಜಿಲಿನಲ್ಲಿರಲಿ, ಅದು ಅಲ್ಲಾಡ್ಲಿಕ್ಕಿಲ್ಲ. ಅದಕ್ಕೆ ಐದೂವರೆ ಕೂಡಿಸಿದ್ರೆ ನಮ್ಮ ಟೈಮು. ಇಷ್ಟೂ ವರ್ಷ ನಾನು ಕೂಡಿಸಿಯೇ ಊಟ ಮಾಡಿದ್ದು.”

ಹೀಗೆ, ಸಯನ್ನಿನ ಬೆಳಗಿನ ಆರು ಗಂಟೆಗೆ ಹೊರಡಬೇಕಾದ ಪಂಪಿಗೆ ಲಂಡನ್ನಿನ ಮಧ್ಯರಾತ್ರಿಯ ಹನ್ನೆರಡೂವರೆಯ ಮುಹೂರ್ತ ಇಡಲಾಯಿತು. ಸಭೆ ಚಪ್ಪಾಳೆ ತಟ್ಟಿತು. ಚಳಿಗಾಲವೆಲ್ಲ ನೀರು ಚಾಚೂ ತಪ್ಪದೆ ಏರಿತು. ಹಾಗೆ ಏರಿದಷ್ಟೂ ನನ್ನ ಅನುಮಾನ ಬಲವಾಯಿತು. ಮುಂಬಯಿಯಲ್ಲಿ ಇಷ್ಟು ದಿನ ಸರಿಯಾಗಿ ನಡೆದ ವಸ್ತು ಏನನ್ನೋ ಮುಚ್ಚಿಡುತ್ತಿರಬೇಕು ಎಂಬುದು ನನ್ನ ಸಿದ್ಧಾಂತ.

ಮಾರ್ಚ್ ತಿಂಗಳ ಕೊನೆಯ ಭಾನುವಾರದ ಮರುದಿನ, ಸ್ನಾನಕ್ಕೆ ಸೋಪು ಹಚ್ಚಿಕೊಂಡ ಅನೇಕ ಸದಸ್ಯರನ್ನು ಅದೇ ಸ್ಥಿತಿಯಲ್ಲಿ ಬಿಟ್ಟು ನಲ್ಲಿಗಳು ನಿಂತುಹೋದವು.

ಎರಡನೆಯ ಮಹಡಿಯಲ್ಲಿ ಒಬ್ಬ ಮರಾಠಿ ಹೆಂಗಸಿದ್ದಾರೆ. ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಅವರ ದನಿಗೆ ಮೆಟ್ಟಿಲು ಬೇಕಿಲ್ಲ. “ಸೆಕ್ರೆಟರಿ! ಪಾಣೀ ಕುಠೇ ಗೇಲಂ?” ನೀರು ಎಲ್ಲಿ ಹೋಯಿತೆಂದು ನೋಡಲು ನಾನೂ ಅಧ್ಯಕ್ಷರೂ ಕೆಳಗಿಳಿದೆವು. ಮುನಿಸಿಪಾಲಿಟಿಯೇ ಕೈಕೊಟ್ಟಿರಬೇಕೆಂದು ಕೆಳಗಿನ ಟಾಕಿಯ ಮುಚ್ಚಳ ಎತ್ತಿದರೆ, ಅದು ಬಾಯಿವರೆಗೆ ತುಂಬಿ ನಮ್ಮ ಮುಖವನ್ನೇ ನಮಗೆ ತೋರಿಸಿತು. ಮಾಳಿಗೆಯ ಮೇಲಿನದು ಬರಿದು. ನೀರಿದೆ, ಪಂಪಿದೆ, ಕರೆಂಟಿದೆ, ಏರಿಲ್ಲ, ಅಷ್ಟೆ.

ಅಧ್ಯಕ್ಷರು ಬೀಗ ತೆಗೆದರು. ವಾಚ್‌ಮನ್ನನನ್ನು ಕರೆಸಿ ಕೈಯಿಂದಲೇ ಹಚ್ಚು ಎಂದರು. ಅವನು ಅಂಗಿಗೆ ಕೈ ಒರೆಸಿಕೊಂಡು, ಒಳಗೆ ಹೋಗಿ ಗುಂಡಿ ಒತ್ತಿದ. ಪಂಪು ಒಂದೇ ಮಾತಿಗೆ ಎದ್ದಿತು. ಆಗ ಅವನು ನಕ್ಕ. ದೊಡ್ಡ ನಗೆಯೇನಲ್ಲ, ಮೀಸೆಯ ಕೆಳಗೆ ಹುಟ್ಟಿ ಅಲ್ಲೇ ಸತ್ತಂಥದ್ದು. ಆದರೆ ನಾನು ನೋಡಿದೆ. ಅಧ್ಯಕ್ಷರು ನೋಡಿದರು. ಕಾಕು ಎರಡನೆಯ ಮಹಡಿಯ ಗ್ಯಾಲರಿಯಿಂದ, ಕನ್ನಡಕವಿಲ್ಲದೆ, ನೋಡಿದರು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಕೆಳಗೆ ಸಮುದ್ರ, ಮೇಲೆ ಬರಗಾಲ. ಬೀಗ, ಗುಂಡಿ, ನಗೆ. ಅಧ್ಯಕ್ಷರ ಮನೆಯಲ್ಲಿ ಕಾರ್ಯಕಾರಿ ಸಮಿತಿ ಸೇರಿ, ಕಾಫಿ ಆರುವುದರೊಳಗೆ ತನಿಖೆ ಮುಗಿಸಿತು. ಕರೆಂಟಿನ ಮುಖ್ಯ ಸ್ವಿಚ್ಚು ಎಲ್ಲಿದೆ? ಮೆಟ್ಟಿಲ ಕೆಳಗೆ, ಅವನ ಖೋಲಿಯ ಬಾಗಿಲಿಗೆ ತಾಗಿ. ಪಂಪು ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆ, ಇವನು ಸ್ವಿಚ್ಚು ಆರಿಸುತ್ತಾನೆ, ಮತ್ತೆ ಹಾಕುತ್ತಾನೆ. ಏಕೆ? ಯಂತ್ರ ಕೆಲಸಕ್ಕೆ ಬಾರದ್ದೆಂದು ತೋರಿಸಿ ತನ್ನ ಗುಂಡಿಯನ್ನು ವಾಪಸು ಪಡೆಯಲು. ಇಷ್ಟು ಅಚ್ಚುಕಟ್ಟಾದ ಅಪರಾಧ ನಮ್ಮ ಬಿಲ್ಡಿಂಗಿನಲ್ಲಿ ಹಿಂದೆ ನಡೆದಿರಲಿಲ್ಲ. ಎಲ್ಲರಿಗೂ ಒಳಗೊಳಗೆ ಹೆಮ್ಮೆಯೇ ಆಯಿತು.

“ತ್ಯಾಲಾ ಕಾಢೂನ್ ಟಾಕಾ,” ಎಂದರು ಕಾಕು. ಅವನನ್ನು ತೆಗೆದುಹಾಕಿ ಎಂದರ್ಥ. ಭಾನುವಾರ ಸಾಮಾನ್ಯ ಸಭೆ ಕರೆದು, ವಾಚ್‌ಮನ್ನನನ್ನು ಕೆಲಸದಿಂದ ಬಿಡಿಸಿ ಖೋಲಿ ಖಾಲಿ ಮಾಡಿಸುವ ಠರಾವು ತರುವುದೆಂದು ತೀರ್ಮಾನವಾಯಿತು. ನೋಟೀಸು ಬರೆದು ಫಲಕಕ್ಕೆ ಚುಚ್ಚುವವನು ಕಾರ್ಯದರ್ಶಿಯೇ ತಾನೆ. ಚುಚ್ಚಿದೆ. ನನಗೂ ಅವನ ಮೇಲೆಯೇ ಸಂಶಯವಿತ್ತು. ಆದರೆ ಸಾಕ್ಷಿಯಿಲ್ಲದ ಸಂಶಯ ಉಪ್ಪಿಲ್ಲದ ಸಾರಿನಂತೆ ನನಗೆ ಇಳಿಯುವುದಿಲ್ಲ. ಕಣ್ಣಾರೆ ಹಿಡಿಯಬೇಕೆನಿಸಿತು.

ಮರುದಿನ ನಸುಕಿನಲ್ಲೇ ಶಾಲು ಹೊದ್ದು ಹೊರಟಾಗ ನನ್ನವಳು ಮಲಗಿದಲ್ಲಿಂದಲೇ ಕೇಳಿದಳು. “ಯಾರನ್ನ ಹಿಡೀಲಿಕ್ಕೆ ಹೊಂಟ್ರಿ?”

“ಯಾರನ್ನೂ ಅಲ್ಲ.”

“ಬಚ್ಚಲದಾಗ ನಾನೂ ನೀರು ಬಳಸ್ತೀನಿ. ನನ್ನ ಮ್ಯಾಲೂ ಒಂದು ಕಣ್ಣಿಟ್ಟಿರ್ರಿ.”

ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪಂಪಿನ ಕೋಣೆಯೂ ಮುಖ್ಯ ಸ್ವಿಚ್ಚೂ ಎರಡೂ ಕಾಣುವಂತೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ವಾಚ್‌ಮನ್ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಖೋಲಿಯಿಂದ ಬಂದವನು ನನ್ನನ್ನು ಕಂಡು ನಿಂತ.

“ಏನ್ರೀ ಸಾಹೇಬ್ರ, ಇಷ್ಟು ನಸಿಕಿನ್ಯಾಗ?”

“ವಾಕಿಂಗು.”

“ಕುಂತಗೊಂಡು ವಾಕಿಂಗೇನ್ರಿ?”

ಗೌರವ ಕಾರ್ಯದರ್ಶಿಯ ಗತ್ತಿನಲ್ಲಿ ಶಾಲು ಸರಿಪಡಿಸಿಕೊಂಡೆ. ಕೈಗಡಿಯಾರ ನೋಡುತ್ತಿದ್ದೆ. ಆರು ಆಯಿತು. ಪಂಪು ಕಮಕ್ ಕಿಮಕ್ ಎನ್ನಲಿಲ್ಲ. ಅವನು ನನ್ನ ಕಣ್ಣೆದುರೇ ಇದ್ದ, ಸ್ವಿಚ್ಚಿನ ಹತ್ತಿರ ಸುಳಿದಿರಲಿಲ್ಲ.

“ಪಂಪು ಈಗ ಹತ್ತಬೇಕಾಗಿತ್ತಲ್ಲೋ?”

“ಅದು ಆಗಳೇ ಹತ್ತಿ ಹೋತ್ರಿ. ಕತ್ತಲಾಗ ಎಲ್ಡು ಸಲ ಕೆಮ್ಮಿ ಬಂದ್ ಆತು.”

“ಮುನಿಸಿಪಾಲಿಟಿ ನೀರು ಬರೂಕಿಂತ ಮೊದಲ?”

“ಹೂನ್ರಿ. ಸೋಮವಾರದಿಂದ ಹಂಗ ಮಾಡಾಕತ್ತೈತಿ. ಅಧ್ಯಕ್ಷರಿಗೆ ಹೇಳೀನ್ರಿ. ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ, ಹೇಳಿದ್ರ ನೀ ಹೇಳ್ತಿ ಅಂದ್ರು.”

ಇದನ್ನು ನಾನು ನಂಬಲಿಲ್ಲ. ಪೂರ್ವಸಿದ್ಧತೆ ಮಾಡಿಕೊಂಡ ಮಾತು ಎನಿಸಿತು. ಆದರೆ ಆರಕ್ಕೆ ಪಂಪು ಸುಮ್ಮನಿದ್ದದ್ದು ನನ್ನ ಕಿವಿಗೇ ಗೊತ್ತು. ಅಧ್ಯಕ್ಷರ ಬಳಿ ಹೋಗಿ ಹೇಳಿದೆ. ಅವರು ಕಂಪ್ಯೂಟರಿನ ಮುಂದೆ ಕೂತು, ಪಂಪು ಯಾವಾಗ ಹತ್ತಿತೆಂದು ಅದು ತಾನೇ ಬರೆದುಕೊಂಡದ್ದನ್ನು ತೆಗೆದು ತೋರಿಸಿದರು. ಪ್ರತಿದಿನವೂ ಹನ್ನೆರಡೂವರೆ.

“ಐದೂವರೆ ಕೂಡಿಸಿ. ಎಷ್ಟಾಯ್ತು?”

“ಆರು. ಆದ್ರ ಆರಕ್ಕ ನಾನು ಅಲ್ಲೇ ಇದ್ದೆ. ಸಪ್ಪಳ ಇರಲಿಲ್ಲ.”

“ನಿಮ್ಮ ವಾಚಿಗೆ ಬ್ಯಾಟರಿ ಹಾಕಿಸಿ ಎಷ್ಟು ಕಾಲ ಆಯ್ತು?” ಎಂದು ಕೇಳಿ, ನನ್ನತ್ತ ನೋಡದೆ, “ಅವ ನಿಮ್ಮ ಕಡೆಯವ ಅಲ್ವಾ?” ಎಂದರು.

ಧಾರವಾಡಕ್ಕೂ ವಿಜಯಪುರಕ್ಕೂ ಇರುವ ದೂರವನ್ನು ಅವರಿಗೆ ವಿವರಿಸಬೇಕೆಂದುಕೊಂಡೆ. ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಾರ್ಯದರ್ಶಿಯೂ ವಾಚ್‌ಮನ್ನೂ ಬೆಳಗಿನ ಕತ್ತಲಲ್ಲಿ ಗುಟ್ಟಾಗಿ ಮಾತಾಡುತ್ತಾರಂತೆ ಎಂಬ ಸಮಾಚಾರ ಮೂರನೆಯ ಮಹಡಿಯವರೆಗೆ, ಪಂಪಿನ ಸಹಾಯವಿಲ್ಲದೆ, ಏರಿತ್ತು.

ಅಂದು ವಾಚ್‌ಮನ್ನನ ಹೆಂಡತಿ ಪಾತ್ರೆ ತೊಳೆಯಲು ಬಂದಳು. ಒಂದೊಂದು ಪಾತ್ರೆಯನ್ನೂ ಕೆಳಗಿಡುವಾಗ ಅದೇ ಮಾತಾಡುವ ಹಾಗೆ ಇಡುತ್ತಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನವಳನ್ನು ಕೇಳಿದಳು: “ಅವ್ವಾರ, ಖೋಲಿ ಬಿಡಸ್ತಾರಂತ ಖರೇ ಏನ್ರಿ? ಊರಾಗಿನ ಮನಿ ಬಿದ್ದು ಮಣ್ಣಾಗೈತಿ. ಹೋಗೂದರೆ ಎಲ್ಲಿಗ್ರಿ?” ನನ್ನವಳು ಉತ್ತರಕ್ಕೆ ನನ್ನತ್ತ ನೋಡಿದಳು. ನಾನು ಪತ್ರಿಕೆಯಲ್ಲಿ ಬಹಳ ಮುಖ್ಯವಾದ ಟೆಂಡರ್ ಜಾಹೀರಾತೊಂದನ್ನು ಓದುತ್ತಿದ್ದೆ.

ಶನಿವಾರ ಸಂಜೆ ನಾನು ಸುದ್ದಿ ನೋಡಲು ಕೂತಿದ್ದಾಗ ಮಗಳು ಸಾಂತಾಕ್ರೂಜಿನ ಆಫೀಸಿನಿಂದ ಎಂದಿಗಿಂತ ಬೇಗ ಬಂದಳು. ಬೇಗ ಬಂದದ್ದೇ ಸಂಶಯಾಸ್ಪದ. ಬಂದವಳೇ ಕೈ ಚಾಚಿದಳು.

“ಅಪ್ಪಾ, ರಿಮೋಟ್ ದೋ. ಮ್ಯಾಚ್ ಇದೆ.”

ಅವಳಿಗೆ ಇಂಗ್ಲೆಂಡಿನ ಫುಟ್‌ಬಾಲಿನ ಹುಚ್ಚು. ಚಳಿಗಾಲವೆಲ್ಲ ಶನಿವಾರದ ಎಂಟೂವರೆಯ ನಂತರ ಟೀವಿ ಅವಳದು, ಅಲ್ಲಿಯವರೆಗೆ ನನ್ನದು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು.

“ನಿನ್ನ ಮ್ಯಾಚು ಎಂಟೂವರಿಗೆ. ಈಗ ಏಳೂವರಿ.”

“ಅರೇ, ಈಗ ಸಾಡೇಸಾತ್‌ಗೇ ಶುರು. ಲಾಸ್ಟ್ ಸಂಡೇ ಅವರ್ದು ಘಡಿ ಚೇಂಜ್ ಆಯ್ತಲ್ಲ.”

“ಯಾರ ಘಡಿ?”

“ಲಂಡನ್‌ದು. ಸಮ್ಮರ್‌ದಲ್ಲಿ ಒಂದು ಗಂಟೆ ಮುಂದೆ ಮಾಡ್ತಾರೆ. ಫಿರ್ ಅಕ್ಟೋಬರ್‌ದಲ್ಲಿ ಹಿಂದೆ. ಹರ್ ಸಾಲ್.”

“ಇಡೀ ದೇಶ? ಯಾರ ಅಪ್ಪಣಿ ತಗೊಂಡು?”

“ಗವರ್ನಮೆಂಟೇ ಮಾಡೋದು ಅಪ್ಪಾ. ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. ಈಗ ರಿಮೋಟ್ ಕೊಡು ನಾ.”

ನನ್ನ ನೌಕರಿಯ ಕಾಲದಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಬೆಳಕು ಉಳಿಸಲೆಂದು ಗಡಿಯಾರ ಮುಂದೆ ತಿರುಗಿಸಿದ್ದರೆ ಅವನನ್ನು ಕೆಲಸದಿಂದಲೂ, ಸಾಧ್ಯವಾದರೆ ಜಾತಿಯಿಂದಲೂ ಹೊರಗೆ ಹಾಕುತ್ತಿದ್ದರು. ಒಂದು ಸರಕಾರ ಇಡೀ ಪ್ರಜೆಗಳನ್ನು ವರ್ಷಕ್ಕೆ ಎರಡು ಸಲ ಹೀಗೆ ಎಬ್ಬಿಸಿ ಮಲಗಿಸುತ್ತದೆಂದರೆ, ಇದು ಟೀವಿಗಾಗಿ ಮಗಳು ಹೆಣೆದ ಕಥೆ ಎಂದೇ ತೋರಿತು. ಅವಳು ರಿಮೋಟು ಕಿತ್ತುಕೊಂಡು ಒತ್ತಿದಳು. ಹಸಿರು ಮೈದಾನದಲ್ಲಿ, ಏಳೂವರೆಗೇ, ಆಟಗಾರರು ಸಾಲಾಗಿ ನಿಂತಿದ್ದರು. ಆಚೆಯ ಗ್ಯಾಲರಿಯಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು.

ಆಗ ‘ಲಾಸ್ಟ್ ಸಂಡೇ’ ಎಂಬ ಮಾತು ನನ್ನ ತಲೆಯಲ್ಲಿ ತಡವಾಗಿ ಬಂದ ಲೋಕಲ್‌ನ ಹಾಗೆ ನಿಧಾನವಾಗಿ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ನಮ್ಮ ನಲ್ಲಿ ನಿಂತದ್ದು ಆ ಭಾನುವಾರದ ಮರುದಿನವೇ.

ಸೊಸೈಟಿಯ ಕಚೇರಿಯ ಕೀಲಿ ತೆಗೆದುಕೊಂಡು ಚಪ್ಪಲಿ ಮೆಟ್ಟದೆ ಕೆಳಗಿಳಿದೆ. ಕಂಪ್ಯೂಟರಿನ ಮೂಲೆಯ ಗಡಿಯಾರ ಆಗತಾನೆ ಮೂರು ದಾಟಿತ್ತು. ಬೆರಳು ಮಡಚಿ ಐದೂವರೆ ಕೂಡಿಸಿದೆ. ಎಂಟೂವರೆ ಬಂತು. ಕೈಗಡಿಯಾರದಲ್ಲಿ ಏಳೂವರೆ. ಇನ್ನೊಂದು ಕೈಯ ಬೆರಳುಗಳಿಂದ ಕೂಡಿಸಿದೆ, ಅವೂ ಅದನ್ನೇ ಹೇಳಿದವು. ಲಂಡನ್ನಿನ ಜೊತೆ ನಮ್ಮ ಕಂಪ್ಯೂಟರೂ, ಯಾರನ್ನೂ ಕೇಳದೆ, ಒಂದು ಗಂಟೆ ಮುಂದೆ ಜಿಗಿದು ಕೂತಿತ್ತು.

ಅಂದರೆ ಅದರ ಹನ್ನೆರಡೂವರೆ ಈಗ ನಮ್ಮ ಐದು. ಐದಕ್ಕೆ ಪಂಪು ಏಳುತ್ತಿತ್ತು. ಆಗ ಕೆಳಗಿನ ಟಾಕಿಯಲ್ಲಿ ತಳದ ನೀರು ಬಿಟ್ಟರೆ ಏನೂ ಇರುವುದಿಲ್ಲ; ನೀರಿಲ್ಲದಾಗ ಮೋಟಾರು ಸುಡಬಾರದೆಂದು ಇಟ್ಟ ಉಪಕರಣ ಅದನ್ನು ನಿಲ್ಲಿಸಿಬಿಡುತ್ತಿತ್ತು. ಇಂದಿನ ಕೆಲಸ ಮುಗಿಯಿತೆಂದು ಕಂಪ್ಯೂಟರು ಬರೆದುಕೊಂಡು ಮಲಗುತ್ತಿತ್ತು. ಮುನಿಸಿಪಾಲಿಟಿಯ ನೀರು ಆಮೇಲೆ ಬಂದು, ತುಂಬಿ, ಏರಿಸುವವರಿಲ್ಲದೆ ಅಲ್ಲೇ ಕೂರುತ್ತಿತ್ತು. ವಾಚ್‌ಮನ್ ಹೇಳಿದ ಕೆಮ್ಮು ನಿಜ. ಕಂಪ್ಯೂಟರಿನ ಲೆಕ್ಕವೂ ನಿಜ. ಸಂಶಯ ಪಡಲು ಒಬ್ಬ ಮನುಷ್ಯನೂ ಸಿಗದ ಅಪರಾಧ ಎಂದರೆ ಇದೇ. ನಿಜ ಹೇಳಬೇಕೆಂದರೆ, ಸ್ವಲ್ಪ ನಿರಾಶೆಯಾಯಿತು.

ಭಾನುವಾರ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ. ವಾಚ್‌ಮನ್ ಗೇಟಿನ ಬಳಿ ಕೈಕಟ್ಟಿ ನಿಂತಿದ್ದ; ಅವನ ಹೆಂಡತಿ ಖೋಲಿಯ ಬಾಗಿಲಲ್ಲಿ, ಅರ್ಧ ಒಳಗೆ. ಅಧ್ಯಕ್ಷರು ಠರಾವು ಓದಲು ಎದ್ದಾಗ ನಾನು ತಡೆದು, ಕಂಡದ್ದನ್ನು ಹೇಳಿದೆ.

“ಗ್ರೀನಿಚ್ ಟೈಮು ಬದಲಾಗ್ಲಿಕ್ಕುಂಟಾ?” ಎಂದರು ಅಧ್ಯಕ್ಷರು. “ಹಾಗೆ ಬದಲಾದ್ರೆ ಹಡಗುಗಳೆಲ್ಲ ಬಂಡೆಗೆ ಹೊಡೀಬೇಕು!”

ಮಗಳು ಹಿಂದಿನ ಸಾಲಿನಿಂದ ಎದ್ದಳು. “ಅಂಕಲ್, ಗ್ರೀನಿಚ್ ಚೇಂಜ್ ಆಗಲ್ಲ. ಲಂಡನ್ ಆಗತ್ತೆ.”

“ಗ್ರೀನಿಚ್ ಇರುವುದೆಲ್ಲಿ ಮಗಾ? ಲಂಡನ್ನಿನಲ್ಲೇ ಅಲ್ವಾ?”

ಎಲ್ಲರೂ ಎದ್ದು ಕಚೇರಿಗೆ ನಡೆದೆವು. ಅಧ್ಯಕ್ಷರು ಕಂಪ್ಯೂಟರಿನ ಗಡಿಯಾರ ನೋಡಿದರು, ಗೋಡೆಯ ಗಡಿಯಾರ ನೋಡಿದರು, ತುಟಿ ಅಲ್ಲಾಡಿಸಿ ಕೂಡಿಸಿದರು. ಮಗಳು ಪರದೆಯ ಮೇಲೆ ಊರುಗಳ ಒಂದು ಉದ್ದ ಪಟ್ಟಿ ಇಳಿಸಿ ತೋರಿಸಿದಳು. ಬೇಸಿಗೆಯಲ್ಲಿ ಜಿಗಿಯುವ ಲಂಡನ್ ಬೇರೆಯೇ ಇತ್ತು. ಯಾವ ಊರಿನ ಹೆಸರೂ ಇಲ್ಲದೆ, ವರ್ಷವಿಡೀ ಅಲ್ಲಾಡದೆ ನಿಲ್ಲುವ ಸಮಯ ಬೇರೆಯೇ ಇತ್ತು. ಅಧ್ಯಕ್ಷರು ಆ ಎರಡನೆಯದನ್ನು ಬಹಳ ಹೊತ್ತು ನೋಡಿದರು.

“ನಾನು ಕೂಡಿಸ್ತಾ ಇದ್ದದ್ದು ಇದಕ್ಕೆ,” ಎಂದರು ಮೆಲ್ಲಗೆ. ಆಮೇಲೆ ಸಭೆಯತ್ತ ತಿರುಗಿ, “ಲಂಡನ್ನಿನವರು ನಂಬಿಕೆಗೆ ತಕ್ಕವರಲ್ಲ,” ಎಂದು ಅಧ್ಯಕ್ಷ ಪೀಠದಿಂದಲೇ ತೀರ್ಪಿತ್ತರು.

ಮಗಳು ಕಂಪ್ಯೂಟರಿಗೆ ನಮ್ಮ ದೇಶದ ಸಮಯ ಹಾಕಿ, ಪಂಪನ್ನು ಆರಕ್ಕೆ ಇಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಕಾಕು ಬಿಡಲಿಲ್ಲ. “ಪಣ ತೋ ಹಸತ್ ಕಾ ಹೋತಾ?” ಹಾಗಾದರೆ ಅವನು ನಗುತ್ತಿದ್ದದ್ದೇಕೆ?

ಎಲ್ಲರೂ ಗೇಟಿನತ್ತ ತಿರುಗಿದರು. ನಾನು ಅವನಿಗೆ ಕನ್ನಡದಲ್ಲಿ ಕೇಳಿದೆ.

“ಗುಂಡಿ ಒತ್ತಿದ್ರ ಖುಷಿ ಆಕ್ಕೈತ್ರಿ,” ಎಂದ ಅವನು. “ಅದೂ ತಪ್ಪೇನ್ರಿ?”

ಮರಾಠಿಗೆ ಅನುವಾದಿಸಿದಾಗ ಅದಕ್ಕೆ ಅಷ್ಟು ಬಲ ಬರಲಿಲ್ಲ. ಠರಾವನ್ನು ರದ್ದು ಮಾಡಲು ಸಭೆಗೆ ಧೈರ್ಯ ಸಾಲದೆ, ಒಂದು ವಾರ ಪಂಪಿನ ನಡತೆ ನೋಡಿ ಆಮೇಲೆ ಕೈಬಿಡುವುದೆಂದು ಮುಂದೂಡಲಾಯಿತು. ಸೋಮವಾರ ಆರಕ್ಕೆ ಪಂಪು ಎದ್ದಾಗ ಒಂದೊಂದು ಕಿಟಕಿಯ ಹಿಂದೆಯೂ ಒಂದೊಂದು ಮುಖವಿತ್ತು. ವಾರ ಕಳೆಯಿತು, ಮೇಲಿನ ಟಾಕಿ ತುಂಬಿ ಹರಿಯಿತು, ಫಲಕದ ಮೇಲಿನ ನೋಟೀಸನ್ನು ನಾನೇ ಕಿತ್ತೆ.

ಕೆಲವು ದಿನ ಬಿಟ್ಟು ವಾಚ್‌ಮನ್ ನಮ್ಮ ಬಾಗಿಲಿಗೆ ಬಂದ.

“ಸಾಹೇಬ್ರ, ಆ ಗಡಿಯಾರ ಮತ್ತ ಯಾವಾಗ ತಿರುವ್ತಾರ್ರಿ ಅವ್ರು?”

“ಅಕ್ಟೋಬರದ ಕೊನೀಗೆ. ಆದ್ರ ಈಗ ನಮ್ಮ ಪಂಪಿಗೂ ಅದಕ್ಕೂ ಸಂಬಂಧ ಇಲ್ಲೋ.”

“ಮೊದ್ಲೂ ಕಂಪ್ಯೂಟರ್ ತಪ್ಪಂಗಿಲ್ಲ ಅಂದಿದ್ರಿ. ಆ ವಾರ ನನಗ ರಜಾ ಬೇಕ್ರಿ. ಆಗ ನಾ ಇಲ್ಲಿ ಇರಂಗಿಲ್ಲ.”

“ಕಾರಣ ಏನಂತ ಬರೀಲಿ?”

ಅವನು ಯೋಚಿಸಿದ. “ಲಂಡನ್ ಅಂತ ಬರೀರಿ.”

ಬರೆದೆ. ಅಧ್ಯಕ್ಷರು ಒಂದು ಮಾತೂ ಕೇಳದೆ ಸಹಿ ಹಾಕಿದರು. ಅಕ್ಟೋಬರಿನಲ್ಲಿ ಗಂಡ ಹೆಂಡತಿ ಇಬ್ಬರೂ, ನೆಂಟರ ಮನೆಯಲ್ಲಿ ಇಳಿದುಕೊಳ್ಳುವುದೆಂದು, ಊರಿನ ಬಸ್ಸು ಹತ್ತಿದರು. ಆ ಭಾನುವಾರ ಲಂಡನ್ನಿನಲ್ಲಿ ಏನಾಯಿತೋ, ನಮ್ಮಲ್ಲಿ ಪಂಪು ಆರಕ್ಕೆ ಎದ್ದು, ನೀರು ಎಂದಿಗಿಂತ ಜೋರಾಗಿಯೇ ಬಂತು. ಸೋಮವಾರವೂ, ಮಂಗಳವಾರವೂ. ಬುಧವಾರ ಮೆಟ್ಟಿಲ ಮೇಲೆ ಕಾಕು ನನ್ನನ್ನು ತಡೆದು, ದನಿ ತಗ್ಗಿಸಿ, ತಿಳಿದವರಂತೆ ಹುಬ್ಬೇರಿಸಿದರು.

“ಪಾಹಿಲಂತ್? ತೋ ನಾಹೀ, ತರ್ ಪಾಣೀ ಕಸಂ ಛಾನ್ ಯೇತಂ!” ನೋಡಿದಿರಾ, ಅವನಿಲ್ಲ, ನೀರು ಎಷ್ಟು ಚೆನ್ನಾಗಿ ಬರುತ್ತಿದೆ!

ಮನೆಗೆ ಹೋದವನೇ ವಾಚ್‌ಮನ್ನನಿಗೆ ಫೋನು ಹಚ್ಚಿದೆ. “ಲಗೂನ ಬಾರೋ. ನೀನಿಲ್ಲದಾಗ ನೀರು ಭಾಳ ಛಲೋ ಬರಾಕತ್ತದ.”



“ನಾಳೆ ಬಸ್ಸು ಹಿಡೀತೀನ್ರಿ,” ಎಂದ.